ತೂತು ಬೀಳದ ಕ್ರಂಪೆಟ್

ಕ್ಯಾಲಿಫೋರ್ನಿಯಾದ ಬಿಸಿಲು ಸಾಕಾಗಿದೆ ಎಂದರೆ ಯಾರೂ ನಂಬುವುದಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹನ್ನೊಂದು ವರ್ಷ ಮೋಡದ ಕೆಳಗೆ ಬಾಳಿದವಳು ಕಾರ್ಲ್ಸ್‌ಬಾಡ್‌ಗೆ ಬಂದು, ಸಮುದ್ರದ ಗಾಳಿಯಲ್ಲಿ ಕೂತು ಮಳೆ ಬೇಕು ಅನ್ನುತ್ತಾಳಲ್ಲ, ಇವಳಿಗೆ ಕೊಬ್ಬು ಎಂದೇ ಎಲ್ಲರೂ ಅಂದುಕೊಂಡರು. ಅಂದುಕೊಳ್ಳಲಿ. ನನಗೆ ಆ ಮಳೆ ಬೇಕಿತ್ತು. ಮಳೆ ಹಿಡಿದ ಶನಿವಾರದ ಬೆಳಿಗ್ಗೆ, ಹೀಟರಿನ ಮೇಲೆ ಕಾಲುಚೀಲ ಒಣಗುತ್ತಿರುವಾಗ ಟೋಸ್ಟರಿನಿಂದ ಎದ್ದು ಬರುವ ಕ್ರಂಪೆಟ್ ಬೇಕಿತ್ತು.

ಕ್ರಂಪೆಟ್ ಅಂದರೆ ಮಹಾ ಏನಲ್ಲ. ಅಂಗೈಯಗಲದ ದಪ್ಪನೆಯ ಮೈದಾ ದೋಸೆ ಅನ್ನಿ. ಅಡಿ ಚಪ್ಪಟೆ, ಮೇಲೆಲ್ಲ ತೂತು. ಬಿಸಿ ಇರುವಾಗ ಬೆಣ್ಣೆ ಸವರಿದರೆ ಅದು ತೂತುಗಳೊಳಗೆ ಇಳಿದು ಕೂರುತ್ತದೆ, ಕಚ್ಚಿದ ಕೂಡಲೇ ಗಲ್ಲಕ್ಕೆ ಸೋರುತ್ತದೆ. ಓದಲು ಲೀಡ್ಸ್‌ಗೆ ಹೋದ ಹೊಸತರಲ್ಲಿ ಅಲ್ಲಿನವರ ಊಟ ಕಂಡರೆ ನನಗೆ ಆಗುತ್ತಿರಲಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ಬೇಯಿಸಿದ ತರಕಾರಿಗೆ ಒಂದು ಸಾಸಿವೆ ಕಾಳಿನ ಗತಿಯಿಲ್ಲ. ಕ್ರಂಪೆಟ್ ಮಾತ್ರ ನೋಡಲು ಸೆಟ್ ದೋಸೆಯ ನೆಂಟನ ಹಾಗಿತ್ತೆಂದು ಬಾಯಿಗಿಟ್ಟೆ. ಅದರ ಹಿಂದೆಯೇ ಒಂದೊಂದಾಗಿ ಬಂದವು: ಟೋಸ್ಟಿನ ಮೇಲೆ ಸುರಿದ ಬೀನ್ಸ್, ಬಿಸಿ ಕಸ್ಟರ್ಡ್, ಚಮಚ ನಿಲ್ಲುವಷ್ಟು ಗಟ್ಟಿ ಚಹಾ. ಆ ಊಟ ಯಾವಾಗ ನನ್ನದಾಯಿತೋ ತಿಳಿಯಲೇ ಇಲ್ಲ. ಮಗಳು ಹುಟ್ಟಿದ್ದೂ ಅಲ್ಲೇ. ಹಲ್ಲು ಬಂದ ಮೇಲೆ ಅವಳು ಚೆನ್ನಾಗಿ ಜಗಿದು ತಿಂದ ಮೊದಲ ತಿಂಡಿಯೂ ಅದೇ.

ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯಲ್ಲಿ ಗಂಡನಿಗೆ ಕಾರ್ಲ್ಸ್‌ಬಾಡ್‌ನಲ್ಲಿ ಕೆಲಸ ಸಿಕ್ಕಿತು. ಸಾಮಾನು ಕಟ್ಟುವಾಗ ನನ್ನ ಮುಖ ನೋಡಲಾರದೆ ಅವರು ಮಾತು ಕೊಟ್ಟರು. “ಎರಡು ವರ್ಷ ನೋಡೋಣ. ಮಗೂಗೆ ಅಲ್ಲಿ ಹೊಂದ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡೋಣ, ಪ್ರಾಮಿಸ್.”

ಎರಡು ವರ್ಷ ಎಂಬುದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ನಮಗೆ ಇಂಗ್ಲೆಂಡಿನಲ್ಲಿ ಕಾಯಂ ಆಗಿ ಇರುವ ಅನುಮತಿ ಇತ್ತು. ಆದರೆ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಅದು ತಾನಾಗಿಯೇ ಹೋಗುತ್ತದೆ. ಆಮೇಲೆ ಆ ಬಾಗಿಲಿನಲ್ಲಿ ನಾವೂ ಹೊಸಬರೇ. ಹೀಗೆ ನನ್ನ ಲೀಡ್ಸ್ ನಾಲ್ಕು ವರ್ಷದ ಮಗಳ ತಲೆಯ ಮೇಲೆ ಬಂದು ಕೂತಿತು.

ಮೊದಮೊದಲು ಮಗಳು ನನ್ನ ಪಕ್ಷದಲ್ಲೇ ಇದ್ದಳು. ಪ್ಯಾನ್‌ಕೇಕ್ ಮುಂದಿಟ್ಟರೆ ತಟ್ಟೆ ತಳ್ಳಿ “ಇದಲ್ಲ, ಕ್ರಂಪೆಟ್” ಎಂದು ಅಳುತ್ತಿದ್ದಳು. ನಾನು ಗಂಡನ ಕಡೆ ತಿರುಗಿ “ಕೇಳಿಸ್ತಾ?” ಎನ್ನುತ್ತಿದ್ದೆ. ಕೇಳಿಸುತ್ತಿತ್ತು, ಪಾಪ. ಅವರು ತಮ್ಮ ಪ್ಯಾನ್‌ಕೇಕಿಗೆ ಇನ್ನಷ್ಟು ಸಿರಪ್ ಸುರಿದುಕೊಳ್ಳುತ್ತಿದ್ದರು.

ಹುಡುಕಾಟ ಶುರುವಾಯಿತು. ‘ಇಂಗ್ಲಿಷ್ ಮಫಿನ್’ ಎಂದು ಬರೆದದ್ದನ್ನು ಆಸೆಯಿಂದ ತಂದರೆ ಅದು ಒಣ ಬನ್ನು. ಹೋಟೆಲಿನಲ್ಲಿ ಚಹಾ ಕೇಳಿದರೆ ಒಂದು ಲೋಟ ಉಗುರುಬೆಚ್ಚಗಿನ ನೀರು, ಪಕ್ಕದಲ್ಲಿ ಚಹಾಪುಡಿಯ ಒಂದು ಪುಟ್ಟ ಚೀಲ, ಹಾಲಿನ ಸುಳಿವೇ ಇಲ್ಲ. ಕೊನೆಗೆ ನನ್ನ ಕೈ ಹಿಡಿದದ್ದು ಸ್ಯಾನ್ ಡಿಯಾಗೋದ ನಮ್ಮವರ ದಿನಸಿ ಅಂಗಡಿ. ಕಡಲೆಹಿಟ್ಟಿನ ಪಕ್ಕದಲ್ಲೇ ಕಸ್ಟರ್ಡ್ ಪುಡಿ, ಅವಲಕ್ಕಿಯ ಕೆಳಗೆ ಡೈಜೆಸ್ಟಿವ್ ಬಿಸ್ಕತ್ತು! ಬ್ರಿಟಿಷರು ನಮ್ಮಲ್ಲಿ ಬಿಟ್ಟುಹೋದದ್ದನ್ನು ನಮ್ಮವರು ಜೋಪಾನವಾಗಿ ಇಲ್ಲಿಯವರೆಗೂ ಹೊತ್ತು ತಂದಿದ್ದರು. ಕಸ್ಟರ್ಡ್ ಡಬ್ಬಿ ಹಿಡಿದುಕೊಂಡು ಬೇಳೆ ಮೂಟೆಗಳ ನಡುವೆ ನಾನು ಅತ್ತುಬಿಟ್ಟೆ. ಆದರೆ ಅಲ್ಲಿಯೂ ಕ್ರಂಪೆಟ್ ಇರಲಿಲ್ಲ.

ಲಾಸ್ ಏಂಜಲೀಸ್‌ನ ಕಲ್ವರ್ ಸಿಟಿಯ ಕಡೆ ಬ್ರಿಟಿಷ್ ತಿನಿಸಿನ ಅಂಗಡಿಯೊಂದಿದೆ ಎಂದು ಯಾರೋ ಹೇಳಿದರು. ತಿಂಡಿಗೆ ಅಷ್ಟು ದೂರ ಡ್ರೈವ್ ಮಾಡಿ ಎಂದರೆ ಗಂಡ ಕೇಳುವವರಲ್ಲ. ಅದಕ್ಕೆ ಅದೇ ಕಡೆಯ ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಹೋಗಿಬರೋಣ ಎಂದೆ. ಅಲ್ಲಿ ಪುಳಿಯೋಗರೆ ಪ್ರಸಾದ ಹಿಡಿದು ಕೂತಿದ್ದಾಗ, ಪಕ್ಕದಲ್ಲಿದ್ದ ಬೆಂಗಳೂರಿನ ಆಂಟಿಯೊಬ್ಬರು ಇಲ್ಲಿಂದ ಎಲ್ಲಿಗೆ ಎಂದು ವಿಚಾರಿಸಿದರು. ಹೇಳಿದೆ. ಅವರು ನಕ್ಕ ರಭಸಕ್ಕೆ ಕೈಯಲ್ಲಿದ್ದ ದೊನ್ನೆ ಅಲ್ಲಾಡಿತು.

“ಅಲ್ಲಮ್ಮಾ, ನಾವೆಲ್ಲ ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತೆ ಅಂತ ಹುಡುಕ್ತೀವಿ. ಬ್ರಿಟಿಷರನ್ನ ಓಡ್ಸೋಕೆ ನಮ್ಮ ತಾತ ಜೈಲಿಗೆ ಹೋದ್ರು. ನೀನು ಅವರ ಬನ್ನು ಹುಡುಕ್ಕೊಂಡು ನೂರು ಮೈಲಿ ಬಂದಿದೀಯಾ!”

“ಮಗೂಗೆ ಆಂಟಿ,” ಎಂದೆ.

“ಮಗೂಗೋ, ನಿಂಗೋ?”

ಗಂಡ ಬೇರೆ ಕಡೆ ನೋಡುತ್ತಾ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಅಂಗಡಿಯಲ್ಲಿ ಕ್ರಂಪೆಟ್ ಇತ್ತು. ಫ್ರೀಜರಿನಲ್ಲಿ ಕಲ್ಲಾಗಿ, ಮೈಮೇಲೆ ಹಿಮದ ಪುಡಿ ಹೊತ್ತು ಬಿದ್ದಿತ್ತು. ಮನೆಗೆ ತಂದು ಬಿಸಿ ಮಾಡಿದರೆ ರಬ್ಬರು. ಬೆಣ್ಣೆ ಒಳಗೆ ಇಳಿಯದೆ ಮೇಲೆಯೇ ನಿಂತಿತು. ಮಗಳು ಒಂದು ತುತ್ತು ಜಗಿದು ಅಂಗೈಗೆ ಉಗುಳಿದಳು. ಇಷ್ಟು ದೂರ ಬಂದರೆ ಯಾರಿಗಾದರೂ ಹೀಗೇ ಆಗುತ್ತದೆ ಎಂದು ಅದರ ಮೇಲೆ ಕನಿಕರವೇ ಬಂತು.

ಹಾಗಾದರೆ ನಾನೇ ಮಾಡುತ್ತೇನೆ ಎಂದು ಪಟ್ಟು ಹಿಡಿದೆ. ಮೈದಾ, ಯೀಸ್ಟ್, ನೀರು, ಕೊನೆಗೆ ಸೋಡ. ಅನಾನಸ್ ಡಬ್ಬಿಗಳ ಎರಡೂ ಮುಚ್ಚಳ ಕತ್ತರಿಸಿ ಬಳೆ ಮಾಡಿಕೊಂಡು ಕಾವಲಿಯ ಮೇಲಿಟ್ಟು ಹಿಟ್ಟು ಹುಯ್ದೆ. ಹಿಟ್ಟು ಉಬ್ಬಿತು, ಬೆಂದಿತು, ಒಂದೇ ಒಂದು ತೂತು ಬೀಳಲಿಲ್ಲ. ಎಷ್ಟೋ ಶನಿವಾರ ಹೀಗೇ ಹೋದವು. ಛಲಕ್ಕೆ ಬಿದ್ದು ಒಮ್ಮೆ ಸೆಟ್ ದೋಸೆಯ ಹಿಟ್ಟನ್ನೇ ಬಳೆಯೊಳಗೆ ಹುಯ್ದೆ. ತೂತೇನೋ ಧಾರಾಳವಾಗಿ ಬಿತ್ತು, ಆದರೆ ಲೀಡ್ಸಿನ ತಿಂಡಿಗೆ ಮೆಂತ್ಯದ ವಾಸನೆ. ಗಂಡ ಚಟ್ನಿ ಎಲ್ಲಿ ಎಂದು ಕೇಳಿದರು. ಆ ದಿನ ಅವರ ಜೊತೆ ಮಾತು ಬಿಟ್ಟೆ.

ಈ ಗಲಾಟೆಯ ನಡುವೆ ಮಗಳು ಸ್ಕೂಲಿಗೆ ಹೋದಳು, ಈಜು ಕಲಿತಳು, ಮುಂದಿನ ಎರಡು ಹಲ್ಲು ಕಳೆದುಕೊಂಡಳು. ಅವಳ ಇಂಗ್ಲಿಷಿನಿಂದ ಲೀಡ್ಸ್ ಮೆಲ್ಲಗೆ ಜಾರಿಹೋಯಿತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಲ್ಲಿನ ಮಕ್ಕಳ ರಾಗದಲ್ಲೇ ಇಂಗ್ಲಿಷ್ ಉತ್ತರ ಬರತೊಡಗಿತು. ನನಗೆ ಅದು ಕೇಳಿಸುತ್ತಿತ್ತು. ಕೇಳಿಸದವಳ ಹಾಗೆ ಹಿಟ್ಟು ಕಲಸುತ್ತಿದ್ದೆ, ನಾಲಿಗೆಯ ರುಚಿಯೊಂದು ಉಳಿದರೆ ಸಾಕು ಎಂದು.

ಎರಡು ವರ್ಷ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ಗಂಡನೇ ಮಾತು ತೆಗೆದರು. “ಈ ಶನಿವಾರ ಅವಳನ್ನೇ ಕೇಳಿಬಿಡೋಣ. ವಾಪಸ್ ಹೋಗೋಣ ಅಂದ್ರೆ ಹೋಗೋಣ. ನಾನು ಮಾತು ತಪ್ಪಲ್ಲ.” ಅವರು ತಪ್ಪುವವರಲ್ಲ ಎಂದು ನನಗೆ ಗೊತ್ತಿತ್ತು.

ಆ ಶನಿವಾರ ಬೆಳಿಗ್ಗೆ, ಫ್ರಿಜ್‌ನಲ್ಲಿ ಉಳಿದಿದ್ದ ದೋಸೆ ಹಿಟ್ಟಿನ ಒಂದೇ ಒಂದು ಸೌಟನ್ನು ಮೈದಾ ಹಿಟ್ಟಿಗೆ ಸೇರಿಸಿ ಹುದುಗಲು ಬಿಟ್ಟೆ. ಎರಡು ಗಂಟೆ ಕಳೆದು ಸೋಡ ಕದಡಿ ಬಳೆಯೊಳಗೆ ಹುಯ್ದೆ. ಮೊದಲು ಅಂಚಿನಲ್ಲಿ ಒಂದು ಗುಳ್ಳೆ ಒಡೆಯಿತು, ಆಮೇಲೆ ನಡುವೆ, ಆಮೇಲೆ ಎಲ್ಲೆಲ್ಲೂ. ಮುಟ್ಟಿ ನೋಡಿದೆ, ಮೂಸಿ ನೋಡಿದೆ. ಅದೇ. ಈ ರುಚಿ ನಾಲಿಗೆಗೆ ತಗುಲಿದರೆ ಸಾಕು, ಮಗಳು ತಾನಾಗಿಯೇ ಹೋಗೋಣ ಅನ್ನುತ್ತಾಳೆ ಎಂದುಕೊಂಡೆ.

ಬೆಣ್ಣೆ ಹಾಕಿ ಅವಳ ಮುಂದಿಟ್ಟೆ. ಗಂಡ ಎದುರಿಗೆ ಕೂತಿದ್ದರು. ಮಗಳು ಕಚ್ಚಿದಳು, ಬೆಣ್ಣೆ ಗಲ್ಲಕ್ಕೆ ಇಳಿಯಿತು, ಕಣ್ಣರಳಿತು.

“ತುಂಬಾ ಚೆನ್ನಾಗಿದೆ ಅಮ್ಮ,” ಎಂದಳು ಇಂಗ್ಲಿಷಿನಲ್ಲಿ. “ನೀನು ಚಿಕ್ಕವಳಿದ್ದಾಗ ಅಜ್ಜಿ ಇದನ್ನ ಮಾಡಿಕೊಡ್ತಿದ್ರಾ?”

ಗಂಡ ನಗಲಿಲ್ಲ. ಎತ್ತಿದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

“ಇಲ್ಲ ಪುಟ್ಟಿ. ಇದು ನಮ್ಮೂರಿನದಲ್ಲ. ನೀನು ಹುಟ್ಟಿದ್ಯಲ್ಲ, ಆ ಊರಿನದು. ನಿನ್ನ ಊರಿನದು.”

ಅವಳು ಜಗಿಯುತ್ತಲೇ ಕಿಟಕಿಯಾಚೆಯ ಬಿಸಿಲನ್ನು ನೋಡಿದಳು.

“ಕಾರ್ಲ್ಸ್‌ಬಾಡ್‌ದಾ?” ಎಂದಳು.

ಗಂಡ ನನ್ನನ್ನೇ ನೋಡುತ್ತಿದ್ದರು. ವಾಪಸ್ ಹೋಗುವ ಮಾತು ಬೇಕಿದ್ದರೆ ಈಗ ಕೇಳು ಎಂಬಂತೆ ತಲೆಯಾಡಿಸಿದರು ಕೂಡ. ನಾನು ಕೇಳುವ ಬದಲು ಇನ್ನೊಂದು ಕ್ರಂಪೆಟ್ ಎತ್ತಿ ಅವಳ ತಟ್ಟೆಗೆ ಹಾಕಿ, “ಹೂಂ ಪುಟ್ಟಿ, ಕಾರ್ಲ್ಸ್‌ಬಾಡ್‌ದೇ” ಎಂದೆ.