ವೇಲ್ಸಿನ ಮಣ್ಣಿನಲ್ಲಿ ಹೆಬ್ಬಳ್ಳಿಯ ಹಗೇವು

ಹೊಸ ಮನೆಯ ಮೊದಲ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಎರಡು ಸತ್ತ ಹಕ್ಕಿಗಳು ನೇತಾಡುತ್ತಿದ್ದವು. ಕುತ್ತಿಗೆಗೆ ಸುತಳಿ ಬಿಗಿದು ಜೋಡಿಯಾಗಿ ಕಟ್ಟಿದ್ದರು. ಒಂದರ ಉದ್ದನೆಯ ಬಾಲ ನನ್ನ ಮೊಣಕಾಲಿಗೆ ತಾಗಿತು. ನಮ್ಮ ಕಡೆ ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ, ಅದನ್ನು ಕಂಡು ಯಾರೂ ಹೆದರುವುದಿಲ್ಲ. ಇದನ್ನು ಕಂಡು ನಾನು ಕಿರುಚಿಕೊಂಡೆ. "ಯಾರೋ ಮಾಟ ಮಾಡ್ಸ್ಯಾರ್ರಿ, ಲಗೂ ಬರ್ರಿ!" ಎಂದು ಗಂಡನನ್ನು ಕರೆದೆ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಅದು ಮನೆಯೊಡತಿ ಹೊಸ ಬಾಡಿಗೆದಾರರಿಗೆ ಕೊಟ್ಟ ಉಡುಗೊರೆ. ಅಕ್ಟೋಬರಿನಲ್ಲಿ ಇಲ್ಲಿಯವರು ಕಾಡುಕೋಳಿ ಹೊಡೆದು ನೆರೆಯವರ ಬಾಗಿಲಿಗೆ ಕಟ್ಟಿ ಹೋಗುತ್ತಾರಂತೆ. ಅದು ಪ್ರೀತಿ. ತಲೆಮಾರುಗಳಿಂದ ಮೊಟ್ಟೆಯನ್ನೂ ಮುಟ್ಟದ ನಮ್ಮ ಮನೆಗೆ ಬಂದ ಮೊದಲ ಪ್ರೀತಿಯನ್ನು ಇವರು ಸೇಬಿನ ಗಿಡದ ಬುಡದಲ್ಲಿ ಹೂಳಿ ಬಂದರು. ರುಚಿಯಾಗಿತ್ತು ಎಂದು ನಾನು ಆಕೆಗೆ ಹೇಳಿದೆ.

ನಾನು ನರ್ಸು. ಧಾರವಾಡದಲ್ಲಿ ಹುಟ್ಟಿ ಬೆಳೆದು ಪಕ್ಕದ ನವನಗರದಲ್ಲಿ ಸಂಸಾರ ಹೂಡಿದವಳು. ನಾಲ್ಕು ವರ್ಷದ ಹಿಂದೆ ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಈ ಗುಡ್ಡಗಾಡು ಸೀಮೆಗೆ, ಒಂದು ಸಣ್ಣ ಪಟ್ಟಣದ ವೃದ್ಧಾಶ್ರಮದ ಕೆಲಸಕ್ಕೆ ಬಂದೆ. ಇವರು ನನ್ನ ಹಿಂದೆ ಬಂದರು. ಹೆಬ್ಬಳ್ಳಿಯ ಒಕ್ಕಲುತನದ ಮನೆಯವರು, ರಾಯಾಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದವರು. ಮೂರು ವರ್ಷ ಫ್ಲಾಟಿನ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗವನ್ನು ನೋಡಿ ನೋಡಿ ತಲೆ ಕೆಟ್ಟಿರಬೇಕು. ಕಳೆದ ಮಾರ್ಚಿನಲ್ಲಿ ನೆಸ್ಟಾ ಎಂಬ ವಿಧವೆಯ ಮನೆಯ ಪಕ್ಕದ ಎರಡು ಎಕರೆ ಹೊಲವನ್ನು, ಅದರೊಳಗಿನ ಕಲ್ಲಿನ ಮನೆಯ ಸಮೇತ, ಗೇಣಿಗೆ ಹಿಡಿದುಬಿಟ್ಟರು. ಇಂಥ ಸಣ್ಣ ಹಿಡುವಳಿಗೆ ಇಲ್ಲಿಯ ಭಾಷೆಯಲ್ಲಿ 'ತದಿನ್' ಎನ್ನುತ್ತಾರೆ. ಬೇಸಿಗೆ ಪೂರ್ತಿ ಇವರೊಬ್ಬರೇ ಬಸ್ಸಿನಲ್ಲಿ ಹೋಗಿ ಬಂದು ಆಲೂಗಡ್ಡೆ ಬೆಳೆದರು. ಅಕ್ಟೋಬರಿಗೆ ಫ್ಲಾಟಿನ ಬಾಡಿಗೆ ಅವಧಿ ಮುಗಿದು ನಾನೂ ಗಂಟುಮೂಟೆ ಸಮೇತ ಬಂದು ಬಿದ್ದೆ. ತದಿನ್ ಎಂಬುದು ಕೇಳುವುದಕ್ಕೆ ಚೆಂದ. ಮಲಗುವ ಕೋಣೆಯ ಗೋಡೆಯಲ್ಲಿ ಅಣಬೆ ಎದ್ದಿತ್ತು.

ನೀವು ಈ ಊರಿನ ಶರತ್ಕಾಲದ ಫೋಟೋಗಳನ್ನು ನೋಡಿರುತ್ತೀರಿ. ಬೆಟ್ಟವೆಲ್ಲ ಕೆಂಪು, ಹಳದಿ. ನಗರದ ಜನ ಶನಿವಾರ ಕಾರು ಮಾಡಿಕೊಂಡು ಬಂದು, ಹೊಸ ಬೂಟಿಗೆ ಕೆಸರು ಮೆತ್ತಿಸಿಕೊಂಡು, "ಎಷ್ಟು ನೆಮ್ಮದಿಯ ಬದುಕು ನಿಮ್ಮದು" ಎಂದು ನಮ್ಮ ಬೇಲಿಯ ಮೇಲೆ ಕೈಯೂರಿ ಉಸಿರು ಬಿಡುತ್ತಾರೆ. ಎಲೆ ಸಾಯುವುದನ್ನು ನೋಡಲು ಟಿಫಿನ್ ಕಟ್ಟಿಕೊಂಡು ಬರುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಹೋದ ಮೇಲೆ ಆ ಎಲೆಗಳು ಕೊಳೆತು ನಮ್ಮ ಚರಂಡಿ ಕಟ್ಟಿಕೊಳ್ಳುತ್ತದೆ. ಇಲ್ಲಿಯ ಭಾಷೆಯಲ್ಲಿ ಅಕ್ಟೋಬರಿಗೂ ಶರತ್ಕಾಲಕ್ಕೂ 'ಹದ್ರೆವ್' ಎಂಬ ಒಂದೇ ಶಬ್ದವಿದೆ. ಎರಡು ಶಬ್ದ ಖರ್ಚು ಮಾಡುವಂಥದ್ದು ಇದರಲ್ಲೇನೂ ಇಲ್ಲ ಎಂದು ಅವರಿಗೂ ಅನಿಸಿರಬೇಕು. ಧಾರವಾಡದ ಜಿಟಿಜಿಟಿ ಮಳೆಯನ್ನು ಬೈಯುತ್ತ ಬೆಳೆದವಳು ನಾನು. ಆ ಮಳೆಗೆ ಮರ್ಯಾದೆ ಇತ್ತು, ದಸರೆಯ ಹೊತ್ತಿಗೆ ಎದ್ದು ಹೋಗುತ್ತಿತ್ತು. ಇಲ್ಲಿಯದು ಬಂದು ಕುಳಿತರೆ ಏಳದ ನೆಂಟ. ಸೀರೆ ಒಣಗಿಸಲು ಐದು ದಿನ ಬೇಕು, ಒಣಗಿದ ಮೇಲೂ ಕುರಿಯ ವಾಸನೆ.

ಊಟದ ಮಾತು ಬೇಡ. ನೆಸ್ಟಾ ಎಲ್ಲವನ್ನೂ ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ, ಉಳಿದದ್ದಕ್ಕೆ ಊಟ ಎನ್ನುತ್ತಾಳೆ. ದಿನಕ್ಕೆ ಆರು ಸಲ 'ಪಾನಡ್' ಬೇಕು, ಅಂದರೆ ಒಂದು ಕಪ್ಪು ಚಹಾ. ಕುದಿಸದ ಚಹಾ. ಜೋಳದ ಹಿಟ್ಟು ತರಿಸಲು ನನಗೆ ಮೂರು ವಾರ ಹಿಡಿಯಿತು. ಕಟ್ಟಿಗೆಯ ಒಲೆಯ ಮೇಲೆ ನಾನು ಮೊದಲ ಸಲ ರೊಟ್ಟಿ ಉಬ್ಬಿಸಿದ ದಿನ ನನ್ನನ್ನು ಹೊಗಳಲು ಸುತ್ತಲಿನ ಎರಡು ಮೈಲಿಯಲ್ಲಿ ಇದ್ದದ್ದು ನೆಸ್ಟಾ ಸಾಕಿದ ಆರು ಕೋಳಿ, ಒಬ್ಬ ಗಂಡ. ಗಂಡ ಹೊರಗೆ ಹೊಲದಲ್ಲಿದ್ದರು.

ನಮ್ಮ ಜಗಳ ಈ ಆಲೂಗಡ್ಡೆಗಳ ಮೇಲೆಯೇ ಆಯಿತು. ನೆಸ್ಟಾ ಮೊದಲು ಪ್ರಯೋಗಕ್ಕೆಂದು ನವೆಂಬರಿನವರೆಗೆ ಮಾತ್ರ ಜಮೀನು ಕೊಟ್ಟಿದ್ದಳು. ಆಮೇಲೆ ಐದು ವರ್ಷದ ಕರಾರು, ಇಲ್ಲವೇ ಬಿಟ್ಟು ಹೋಗುವುದು. ಈ ಕೆಸರನ್ನು ನಂಬಿ ಐದು ವರ್ಷ ಇರಲಾರೆ, ಊರಿಗೆ ಹೋಗೋಣ ಎಂದು ನಾನು ಹಟ ಹಿಡಿದೆ. ಹಿತ್ತಲಲ್ಲಿ ಹದಿನಾಲ್ಕು ಚೀಲ ಆಲೂಗಡ್ಡೆ ಕಿತ್ತು ರಾಶಿ ಹಾಕಿದ್ದರು. ಇವರು ಆ ರಾಶಿಯನ್ನು ತೋರಿಸಿದರು.

"ಒಂದ ಮಾತ ಕೇಳ. ಈ ಬಟಾಟಿ ದೀಪಾವಳಿತನಾ ಒಂದೂ ಕೆಡದಂಗ ಇಟ್ಟು ತೋರಸ್ತೇನಿ. ಉಳದ್ವು ಅಂದ್ರ ಕರಾರಿಗೆ ಸಹಿ. ಕೆಟ್ವು ಅಂದ್ರ ನೀ ಹೇಳಿದಂಗ, ನವನಗರಕ್ಕ ಹೋಗೂಣು."

"ಆಮ್ಯಾಲೆ ಮಾತ ತಿರುಗಿಸಬ್ಯಾಡ್ರಿ ಮತ್ತ."

"ಹೆಬ್ಬಳ್ಳಿಯವರು ನಾವು. ಮಾತಂದ್ರ ಮಾತು."

ಇಡುವುದು ಎಲ್ಲಿ? ಹಗೇವಿನಲ್ಲಿ. ಹಗೇವು ಎಂದರೆ ನಮ್ಮ ಸೀಮೆಯ ಹಳೆಯ ಮನೆಗಳ ಮುಂದೆ ನೆಲದೊಳಗೆ ತೋಡಿದ ಕಣಜ. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಸಗಣಿ ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ನಡುನಡುವೆ ತೆರೆದು ನೋಡಬಾರದು, ಗಾಳಿ ಹೊಕ್ಕರೆ ಕಾಳು ಕೆಡುತ್ತದೆ. ಇವರು ಗುದ್ದಲಿ ಹಿಡಿದು ಎರಡು ದಿನ ಎದೆಮಟ್ಟ ಅಗೆದರು. ನೆಸ್ಟಾ ಬೇಲಿಯಾಚೆ ನಿಂತು ನೋಡಿದಳು.

"ಒಳಗೆ ಬೇಡ, ನೆಲದ ಮೇಲೆ ರಾಶಿ ಹಾಕಿ" ಎಂದಳು. "ಕೆಳಗೂ ಒಣಹುಲ್ಲು, ಮೇಲೂ ಒಣಹುಲ್ಲು, ಆಮೇಲೆ ಮಣ್ಣು. ಸುತ್ತ ಒಂದು ಕಾಲುವೆ ತೆಗೆಯಿರಿ. ನನ್ನ ಅತ್ತೆ ಹಾಗೆಯೇ ಮಾಡುತ್ತಿದ್ದರು." ಅದಕ್ಕೆ ಇಲ್ಲಿ 'ಕ್ಲಾದ್' ಎಂಬ ಹೆಸರೂ ಇದೆಯಂತೆ.

ಆಕೆ ಅತ್ತ ಹೋದ ಕೂಡಲೇ ಇವರು ನಕ್ಕರು. "ರಾಶಿ ಹಾಕಿ ಮ್ಯಾಲೆ ಮಣ್ಣ ಎಳಿಯೂದು ಹೆಣಕ್ಕ. ನಮ್ಮ ಮುತ್ಯಾ ಹಗೇವಿನ್ಯಾಗ ಮೂರು ವರ್ಷ ಜೋಳ ಇಡತಿದ್ದ, ಒಂದ ಕಾಳಿಗೆ ಹುಳ ಹತ್ತತಿರಲಿಲ್ಲ. ಅಕಿಗೇನ ಗೊತ್ತ?"

ನಾನೂ ನಕ್ಕೆ. ಈ ದೇಶಕ್ಕೆ ಬಂದ ಮೇಲೆ ನಾವಿಬ್ಬರೂ ಒಂದೇ ಮನಸ್ಸಿನಿಂದ ನಕ್ಕದ್ದು ಅಂದೇ ಎಂದು ಕಾಣುತ್ತದೆ. ಹಗೇವು ತುಂಬಿಯಾಯಿತು. ಮೇಲೆ ಕಪ್ಪು ಚಪ್ಪಡಿ, ಅದರ ಮೇಲೆ ಸಗಣಿ ಮಣ್ಣು, ಎಲ್ಲಕ್ಕೂ ಮೇಲೆ ಮಳೆಗೆಂದು ಪ್ಲಾಸ್ಟಿಕ್ಕಿನ ತಾಡಪತ್ರಿ.

ಶೀಗಿ ಹುಣ್ಣಿಮೆಯ ದಿನ ಇವರು ಚರಗ ಚೆಲ್ಲಿದರು. ಆ ಹುಣ್ಣಿಮೆಗೆ ನಮ್ಮ ಕಡೆ ಒಕ್ಕಲಿಗರು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬಸುರಿಯಾದ ಭೂಮಿಗೆ ಅಡುಗೆ ಚೆಲ್ಲಿ ಉಣಿಸುತ್ತಾರೆ. ಇಲ್ಲಿ ಬಂಡಿಯೂ ಇಲ್ಲ, ಬಂಧುಗಳೂ ಇಲ್ಲ. ಒಬ್ಬ ಮನುಷ್ಯ ರೇನ್‌ಕೋಟು ಹಾಕಿಕೊಂಡು, ನಾನು ಮಾಡಿಕೊಟ್ಟ ಕಡಬು, ಪುಂಡಿ ಸೊಪ್ಪಿನ ಬದಲಿಗೆ ಪಾಲಕದ ಪಲ್ಯ ಹಿಡಿದು ಹೊಲದ ಸುತ್ತ ಕೂಗುತ್ತ ನಡೆದರು. ಕಾಗೆಗಳಿಗೆ ಹಬ್ಬವಾಯಿತು. ಬೇಲಿಯಾಚೆಯ ಕುರಿಗಳು ಮೇಯುವುದನ್ನು ಬಿಟ್ಟು ನೋಡಿದವು. ನನಗೆ ನಾಚಿಕೆಯಾಯಿತು. ಬೆಳೆ ಕಿತ್ತು ಮುಗಿದ ಬರಡು ನೆಲಕ್ಕೆ ಸೀಮಂತವೇ ಎಂದು ಒಳಗೊಳಗೆ ಆಡಿಕೊಂಡೆ.

ಅದಾದ ಮೇಲೆ ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ಇವರು ಕುರಿ ಕೂಡಿಹಾಕಲು ನೆಸ್ಟಾಳ ಜೊತೆ ಗುಡ್ಡಕ್ಕೆ ಹೋಗಿದ್ದರು. ನಾನು ಕೋಳಿಗೆ ಕಾಳು ಹಾಕಲು ಹೋದಾಗ ಹಗೇವಿನ ತಾಡಪತ್ರಿ ಗಾಳಿಗೆ ಎದ್ದು ಹೋಗಿತ್ತು. ಮೆತ್ತಿದ ಮಣ್ಣು ಬಿರಿದು ಒಂದು ಬದಿ ಕುಸಿದಿತ್ತು. ಹಾರೆ ಹಾಕಿ ಚಪ್ಪಡಿಯನ್ನು ಗೇಣುದ್ದ ಸರಿಸಿದೆ. ಚೀಲಗಳ ಸಂದಿಯಲ್ಲಿ ಕೆಳಗೆ ನೀರು ಹೊಳೆಯಿತು. ಮಳೆಯ ನೀರಲ್ಲ, ನೆಲದ್ದೇ ನೀರು, ತಳದಿಂದ ಏರಿ ಬಂದದ್ದು. ಹೆಬ್ಬಳ್ಳಿಯ ಒಣ ನೆಲದಲ್ಲಿ ಅಗೆದರೆ ಕಣಜ. ಇಲ್ಲಿ ಎದೆಮಟ್ಟ ಅಗೆದರೆ ಬಾವಿ. ಇಷ್ಟು ಸಣ್ಣ ವಿಷಯ ಬೀಜ ಗೊಬ್ಬರ ಮಾರಿದವರಿಗೂ ಹೊಳೆಯಲಿಲ್ಲ, ಸರಕಾರಿ ಶಾಲೆಯ ಭೂಗೋಳದ ಮಾಸ್ತರರ ಮಗಳಾದ ನನಗೂ ಹೊಳೆಯಲಿಲ್ಲ.

ಕೆಳಗಿನ ಐದಾರು ಚೀಲ ನೆನೆದಿದ್ದವು. ಮೇಲಿನವು ಒಣಗಿದ್ದವು. ಆ ಕ್ಷಣಕ್ಕೆ ಗುಡ್ಡದ ಕಡೆ ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ. ಚಪ್ಪಡಿ ಮೊದಲಿದ್ದಲ್ಲಿಗೆ ಸರಿಸಿದೆ, ಬಕೆಟ್ಟಿನಲ್ಲಿ ಸಗಣಿ ಮಣ್ಣು ಕಲಸಿ ತಂದು ಮೆತ್ತಿದೆ, ತಾಡಪತ್ರಿ ಎಳೆದು ನಾಲ್ಕು ಮೂಲೆಗೂ ಮೊದಲಿನಂತೆ ಕಲ್ಲು ಇಟ್ಟೆ. ಕೈ ತೊಳೆದುಕೊಂಡು ಧಾರವಾಡದ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ನವನಗರದ ನಮ್ಮ ಮನಿ ಬಾಡಿಗಿಯವರಿಗೆ ಖಾಲಿ ಮಾಡಾಕ ಹೇಳ. ನಾವು ಬರಾಕತ್ತೇವಿ."

"ಖರೇನ? ಅವರು ಒಪ್ಪ್ಯಾರೇನು?"

"ಒಪ್ತಾರ" ಎಂದೆ.

ಆ ಹತ್ತು ದಿನ ನಾನು ಹಾಡು ಗುನುಗಿಕೊಂಡು ಕೆಲಸ ಮಾಡಿದೆ. ಈ ಸತ್ಯವನ್ನು ಬರೆಯದಿದ್ದರೆ ಮೇಲಿನ ತಮಾಷೆಗಳಿಗೆಲ್ಲ ಅರ್ಥವಿಲ್ಲ. ವೃದ್ಧಾಶ್ರಮದಲ್ಲಿ ಮುದುಕಿಯರಿಗೆ ಎರಡೆರಡು ಬಿಸ್ಕೀಟು ಕೊಟ್ಟೆ. ನೆಸ್ಟಾಳ ಕುದಿಸದ ಚಹಾವನ್ನೂ ಕುಡಿದೆ. ಇವರು ದಿನಾ ಬೆಳಿಗ್ಗೆ ತಾಡಪತ್ರಿಯ ಹತ್ತಿರ ನಿಂತು, ಕಲ್ಲುಗಳನ್ನು ಕಾಲಿನಿಂದ ಒತ್ತಿ ನೋಡಿ, ತೃಪ್ತಿಯಿಂದ ಬರುತ್ತಿದ್ದರು. ನೋಡಿದಾಗಲೆಲ್ಲ ಒಕ್ಕಲಿಗನ ಹುಚ್ಚು ಎಂದು ಕನಿಕರಪಟ್ಟುಕೊಂಡೆ, ಆ ಕನಿಕರದಿಂದ ನನಗೆ ನನ್ನ ಮೇಲೆ ಅಭಿಮಾನವೂ ಬಂತು.

ದೀಪಾವಳಿಯ ಬೆಳಿಗ್ಗೆ ಎಣ್ಣೆ ನೀರು ಎರೆದುಕೊಂಡು, ಕುಂಕುಮ ಹಚ್ಚಿಕೊಂಡು ಹಗೇವು ತೆರೆಯಲು ಹೊರಟರು. ಮೊದಲ ಬುಟ್ಟಿ ನೆಸ್ಟಾಳಿಗೆ ಕೊಡುವುದೆಂದು ಆಕೆಗೆ ಬರಹೇಳಿದ್ದರು. ತಾಡಪತ್ರಿ ಸರಿಸಿದರು. ಮಣ್ಣಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇದನ್ನ ಯಾರು ಮೆತ್ತಿದ್ರು?"

ನಾನು ಬುಟ್ಟಿಯನ್ನು ಕೆಳಗಿಟ್ಟೆ.

"ನಾ ಮೆತ್ತಿದ್ರ ಅಂಗೈ ಉದ್ದಕ ಎಳೀತೇನಿ. ಇವು ಅರ್ಧಚಂದ್ರ. ನಿಮ್ಮವ್ವ ಅಂಗಳ ಸಾರಸ್ತಿದ್ರಲ್ಲ, ಹಂಗ."

ನಿಜ. ನನ್ನ ಕೈಗೆ ಸಾರಿಸುವುದು ಬಿಟ್ಟರೆ ಮಣ್ಣಿನ ಬೇರೆ ಕೆಲಸ ಗೊತ್ತಿರಲಿಲ್ಲ. ಅವ್ವ ಕಲಿಸಿದಂತೆ ಅರ್ಧಚಂದ್ರದ ಪಕ್ಕ ಅರ್ಧಚಂದ್ರ ಎಳೆದಿದ್ದೆ, ಗಮನವೇ ಇಲ್ಲದೆ, ನೀಟಾಗಿ. ಇವರು ಚಪ್ಪಡಿ ಎತ್ತಿದರು. ಆ ವಾಸನೆಯನ್ನು ವರ್ಣಿಸಲಾರೆ, ಗಾಯಗಳ ನಡುವೆ ಇಪ್ಪತ್ತು ವರ್ಷ ಕೆಲಸ ಮಾಡಿದ ನಾನೂ ಮೂಗು ಮುಚ್ಚಿಕೊಂಡೆ. ನೆಸ್ಟಾ ಎರಡು ಹೆಜ್ಜೆ ಹಿಂದೆ ಸರಿದಳು. 'ನಾನು ಹೇಳಿರಲಿಲ್ಲವೇ' ಎಂದು ಅನ್ನಲಿ ಎಂದು ಕಾದೆ. ಅಂದಿದ್ದರೆ ಆಕೆಯನ್ನಾದರೂ ದ್ವೇಷಿಸಬಹುದಿತ್ತು. ಆಕೆ ಒಣ ಚೀಲ ತರುತ್ತೇನೆಂದು ಮನೆಗೆ ಹೋದಳು.

"ಯಾವಾಗ ನೋಡಿದ್ದಿ?" ಎಂದು ಕೇಳಿದರು.

"ಹತ್ತು ದಿನಾತ್ರಿ."

"ಅವತ್ತ ಹೇಳಿದ್ರ ಅರ್ಧಾರ ಉಳೀತಿದ್ವು." ಬೈಯಲಿಲ್ಲ. ಕುಂಕುಮವನ್ನು ತೋಳಿನಿಂದ ಒರೆಸಿಕೊಂಡರು. "ಇರ್ಲಿ. ಮಾತಂದ್ರ ಮಾತು. ನೀ ಗೆದ್ದಿ, ಟಿಕೀಟ ತಗಸು."

ನಾನು ಬಯಸಿದ್ದು ಈ ಮಾತನ್ನೇ. ಅದನ್ನು ಕೇಳಿದಾಗ ಯಾರೋ ಕೆನ್ನೆಗೆ ಹೊಡೆದಂತಾಯಿತು. ನವನಗರದ ಅಡುಗೆಮನೆಯಲ್ಲಿ ದಿನಾ ಇವರ ತಟ್ಟೆಗೆ ಬಟಾಟಿ ಪಲ್ಯ ಬಡಿಸುವಾಗ ನಾವಿಬ್ಬರೂ ಏನು ನೆನೆಸಿಕೊಳ್ಳುತ್ತೇವೆ ಎಂಬುದು ಒಂದೇ ಸಲಕ್ಕೆ ಕಣ್ಣಿಗೆ ಕಟ್ಟಿತು. ಈ ಕೆಸರನ್ನು, ಈ ಚಹಾವನ್ನು, ಬೇಲಿಗೆ ಒರಗುವ ಶನಿವಾರದ ಜನರನ್ನು ನಾನು ಕೀಳೆಂದು ಕಂಡಿದ್ದೆ. ಎಲ್ಲರಿಗಿಂತ ಕೀಳು ಕೆಲಸ ಮಾಡಿದವಳು ಧಾರವಾಡದ ಶುದ್ಧ ಭಾಷೆಯ ಈ ಮಾಸ್ತರರ ಮಗಳು.

ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದೆ. ಇವರು ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಸಂಜೆಯವರೆಗೆ ಮೂವರೂ ಕೊಳೆತದ್ದನ್ನು ತೆಗೆದು ಗಟ್ಟಿಯಿದ್ದದ್ದನ್ನು ಒರೆಸಿ ಬೇರೆ ಮಾಡಿದೆವು. ಮೂರು ಚೀಲ ಸಿಕ್ಕವು. ನೆಸ್ಟಾ ಹೇಳಿದಂತೆ ಕೊಟ್ಟಿಗೆಯ ಪಕ್ಕ ಹುಲ್ಲು ಹಾಸಿ ನೆಲದ ಮೇಲೆ ರಾಶಿ ಹಾಕಿ ಮಣ್ಣು ಮುಚ್ಚಿದೆವು. ಈ ಸಲ ಇವರು ಹೆಣದ ಮಾತು ಆಡಲಿಲ್ಲ.

ಮರುದಿನ ಅಕ್ಕನಿಗೆ ಫೋನು ಮಾಡಿ, ನಾವು ಬರುವುದಿಲ್ಲ ಎಂದೆ.

"ತಲಿ ಕೆಟ್ಟೈತೇನ ನಿನಗ? ಏನೈತಿ ಅಲ್ಲಿ?"

"ಮೂರು ಚೀಲ ಬಟಾಟಿ ಅದಾವಕ್ಕಾ" ಎಂದೆ. ಅಕ್ಕ ಫೋನು ಇಟ್ಟುಬಿಟ್ಟಳು.

ಈ ನಾಡು ನನಗೆ ಈಗ ಇಷ್ಟವಾಗಿದೆ ಎಂದು ದಯವಿಟ್ಟು ತಿಳಿಯಬೇಡಿ. ಗೋಡೆಯ ಅಣಬೆ ಕೆರೆದಷ್ಟೂ ಏಳುತ್ತದೆ. ಆದರೆ ಮೋಸದಿಂದ ಗೆದ್ದು ಊರಿಗೆ ಹೋಗುವುದು ನನ್ನಿಂದ ಆಗಲಿಲ್ಲ. ನವೆಂಬರಿನ ಕೊನೆಗೆ ನಾನೇ ಇವರನ್ನು ಕರೆದುಕೊಂಡು ನೆಸ್ಟಾಳ ಅಡುಗೆಮನೆಗೆ ಹೋದೆ, ಕರಾರು ಪತ್ರ ಕೇಳಿದೆ. ಇವರು ಏನೂ ಅರ್ಥವಾಗದವರಂತೆ ನನ್ನ ಮುಖ ನೋಡಿದರು. ಸಂಬಳ ನನ್ನದಾದ್ದರಿಂದ ಕಾಗದದಲ್ಲಿ ನನ್ನ ಹೆಸರೇ ಮೊದಲಿತ್ತು. ಹೆಸರಿನ ಕೆಳಗೆ ಕಾಯಂ ವಿಳಾಸ ಎಂಬ ಖಾಲಿ ಜಾಗ. ನಾನು ನವನಗರದ ಮನೆಯ ವಿಳಾಸ ಬರೆದೆ.

"ಇಲ್ಲಿಯದನ್ನು ಬರೆಯಬೇಕು, ಇನ್ನು ಐದು ವರ್ಷ ಇರುವುದು ಇಲ್ಲಿಯೇ ಅಲ್ಲವೇ?" ಎಂದಳು ನೆಸ್ಟಾ.

"ಇರುವುದು ಇಲ್ಲಿ" ಎಂದು ಹೇಳಿ ಸಹಿ ಹಾಕಿದೆ.

ಇವರು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ದೀಪಾವಳಿಯಿಂದ ನನ್ನ ಜೊತೆ ಬೇಕಾದ ಮಾತು ಬಿಟ್ಟರೆ ಬೇರೆ ಮಾತು ಆಡಿರಲಿಲ್ಲ.

"ಪಿನ್ ಕೋಡ್ ಬಿಟ್ಟಿಯಲ್ಲ" ಎಂದರು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ವಿಳಾಸದ ಕೊನೆಗೆ ಆರು ಅಂಕಿಗಳನ್ನು ಒಂದೊಂದಾಗಿ ಬರೆದು, ಅದರ ಕೆಳಗೆ ತಮ್ಮ ಸಹಿ ಹಾಕಿದರು.