ಉಂಡ ಮೇಲೆ ಹೇಳುವ ಮಾತು

ಅರ್ಪಿತಳಿಗೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಭಯ. ಕಿರುಗಾವಲಿನ ಹುಡುಗಿ. ಮಂಡ್ಯದ ಗುತ್ತಲಿನಲ್ಲಿ, ಗೊಬ್ಬರದಂಗಡಿಯ ಮೇಲಿನ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಸೇರಿ ವರ್ಷವಾಗಿತ್ತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಹುಡುಕುವುದೇನೂ ಕಷ್ಟವಾಗಿರಲಿಲ್ಲ. ಹುಡುಕಿದ್ದನ್ನು ಹೇಳಬೇಕಲ್ಲ, ಅದು ಕಷ್ಟ. ಬೆಳಗಿನ ಮೀಟಿಂಗಿನಲ್ಲಿ ತನ್ನ ಸರದಿ ಬರುವಷ್ಟರಲ್ಲಿ ಅಂಗೈ ತಣ್ಣಗಾಗಿರುತ್ತಿತ್ತು.

"ಏನಮ್ಮಾ, ಬಾಯಲ್ಲಿ ಮುದ್ದೆ ಇಟ್ಕೊಂಡಿದ್ದೀಯಾ?" ಎಂದು ಪ್ರೋಗ್ರಾಂ ಬರೆಯುವ ಪುನೀತ್ ರೇಗಿಸುತ್ತಿದ್ದ. "ನುಂಗ್ಬುಟ್ಟು ಹೇಳು."

ಅವಳು ಬೆಳೆದ ಮನೆಯ ಪದ್ಧತಿಯೂ ಅವಳ ಬಾಯಿ ಕಟ್ಟಿತ್ತು. ಅಜ್ಜಿಯ ತಮ್ಮ ತೀರಿಕೊಂಡ ದಿನ ಸುದ್ದಿ ತಂದವರನ್ನು ಅವ್ವ ದೇವಿರಮ್ಮ ಜಗಲಿಯಲ್ಲೇ ತಡೆದು ಕೂರಿಸಿದ್ದಳು. ಅಜ್ಜಿ ಉಂಡು ಕೈ ತೊಳೆದ ಮೇಲೆಯೇ ಅವರನ್ನು ಒಳಗೆ ಬಿಟ್ಟಳು. "ಅಸ್ದ ಒಟ್ಟೇಲಿ ಕೆಟ್ಟ ಸುದ್ದಿ ಕೇಳ್ಬಾರ್ದು ಕಣವ್ವ. ಉಣ್ಲಿ, ಆಮೇಕೆ ಯೋಳುದ್ರಾಯ್ತು" ಎಂದಿದ್ದಳು. ಆ ಮಾತು ಅರ್ಪಿತಳೊಳಗೆ ಹಾಗೇ ಉಳಿದುಕೊಂಡಿತು.

ಕಚೇರಿಯವರು ಒಂದು ಸಕ್ಕರೆ ಕಾರ್ಖಾನೆಗಾಗಿ ಪ್ರೋಗ್ರಾಂ ಮಾಡಿದ್ದರು. ಕಬ್ಬು ಕಡಿಯುವ ಸರದಿ ಯಾರದೋ ಅವರ ಮೊಬೈಲಿಗೆ ಅದು ಸಂದೇಶ ಕಳಿಸುತ್ತಿತ್ತು: ಬೆಳಿಗ್ಗೆ ಲಾರಿ ಬರುತ್ತದೆ, ಕಡಿದಿಡಿ. ಅವತ್ತು ಸಂಜೆ ನಾಲ್ಕಕ್ಕೆ ಅದರ ಹೊಸ ರೂಪ ಚಾಲೂ ಆಗಬೇಕಿತ್ತು. ಮಧ್ಯಾಹ್ನ ಅರ್ಪಿತ ಕೊನೆಯ ಸಲ ಪರೀಕ್ಷಿಸಿದಾಗ ಅದು ಸರದಿಯನ್ನೇ ನೋಡದೆ ಇಡೀ ಪಟ್ಟಿಗೆ ಒಂದೇ ಸಲ ಸಂದೇಶ ಕಳಿಸಲು ಹೊರಟಿತ್ತು. ಕಡಿದ ಕಬ್ಬನ್ನು ಮತ್ತೆ ನಿಲ್ಲಿಸಲಾಗದು. ಲಾರಿ ಬಾರದಿದ್ದರೆ ಬಿದ್ದಲ್ಲೇ ಒಣಗುತ್ತದೆ. ಅವಳ ಊರಿನ ಕಬ್ಬೂ ಆ ಪಟ್ಟಿಯಲ್ಲಿತ್ತು.

ತಂಡದ ಹಿರಿಯರು ಸುಧೀಂದ್ರ ಸರ್. ಅವರು ಊಟ ಮಾಡಲಿ, ಕೈ ತೊಳೆದು ಬರುತ್ತಲೇ ಹೇಳಿಬಿಡುತ್ತೇನೆ ಎಂದುಕೊಂಡಳು. ಎಲ್ಲರೂ ಡಬ್ಬಿ ಬಿಚ್ಚಿದರು. ಸರ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಎಲ್ಲರೂ ಡಬ್ಬಿ ಮುಚ್ಚಿದರು. ಆಗಲೂ ಏಳಲಿಲ್ಲ. ಅರ್ಪಿತ ತನ್ನ ಡಬ್ಬಿ ಮುಟ್ಟದೆ ಅವರನ್ನೇ ನೋಡುತ್ತ ಕುಳಿತಳು. ಪುನೀತನಿಗಾದರೂ ಹೇಳೋಣವೆಂದರೆ, ಪ್ರೋಗ್ರಾಂ ಅವನದೇ. ನಾಲ್ಕು ಜನರೆದುರು ಏನಂದುಬಿಡುತ್ತಾನೋ. ಗಡಿಯಾರದ ಮುಳ್ಳು ನಾಲ್ಕರತ್ತ ಸರಿಯುತ್ತಿತ್ತು.

ಕೊನೆಗೆ ತಡೆಯಲಾರದೆ ತನ್ನ ಡಬ್ಬಿಯನ್ನೇ ಒಯ್ದು ಅವರ ಮೇಜಿನ ಮೇಲಿಟ್ಟಳು. "ಸರ್, ಒಂಚೂರು ಊಟ ಮಾಡಿ ಸರ್."

ಸುಧೀಂದ್ರ ತಲೆಯೆತ್ತಿ ನಕ್ಕರು. "ಇವತ್ತು ಏಕಾದಶಿ ಕಣಮ್ಮ. ಇನ್ನೇನಿದ್ರೂ ನಾಳೆ ಬೆಳಿಗ್ಗೆನೇ ಊಟ."

ಅವಳ ಮನೆಯಲ್ಲಿ ಶನಿವಾರದ ಒಪ್ಪೊತ್ತು ಇತ್ತೇ ಹೊರತು, ದಿನವಿಡೀ ಉಣ್ಣದೆ ಇರುವವರನ್ನು ಅವಳು ಕಂಡಿರಲಿಲ್ಲ. ನಾಳೆ ಬೆಳಿಗ್ಗೆ! ಅಷ್ಟರಲ್ಲಿ ಊರೂರಿನ ಕಬ್ಬು ನೆಲಕ್ಕೊರಗಿರುತ್ತದೆ.

"ಸರ್, ತಪ್ಪಾಗಿದೆ. ಎಲ್ಲಾರ್ಗೂ ಹೋಗುತ್ತೆ ಸರ್. ಸರದಿ ಇಲ್ದೆ ಎಲ್ಲಾರ್ಗೂ..."

"ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನ. ನೀವು ಉಂಡಿರಲಿಲ್ಲ..."

ಅವರ ಮುಖದ ನಗು ಆರಿತು. "ಪುನೀತ್, ನಿಲ್ಸು!"

"ಆಗ್ಲೇ ಶುರು ಮಾಡ್ಬುಟ್ಟೆ ಸರ್," ಎನ್ನುತ್ತಲೇ ಪುನೀತ್ ಕೀಲಿಗಳನ್ನು ಕುಟ್ಟಿ ನಿಲ್ಲಿಸಿದ. ಅಷ್ಟರಲ್ಲಿ ಕಿರುಗಾವಲಿನ ಕಡೆಯವರಿಗೆ ಸಂದೇಶ ಹೋಗಿಯಾಗಿತ್ತು.

ಯಾರೂ ಅವಳನ್ನು ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ. ಎಲ್ಲರೂ ಫೋನ್ ಹಿಡಿದು ಒಬ್ಬೊಬ್ಬರಿಗೇ ಕಡಿಯಬೇಡಿ ಎಂದು ತಿಳಿಸಿದರು. ಕರಿಯಯ್ಯ ಒಬ್ಬರು ಮಾತ್ರ ಸಿಗಲಿಲ್ಲ. ಫೋನು ಆಫ್ ಆಗಿತ್ತು. ಅವರು ಅರ್ಪಿತಳ ಪಕ್ಕದ ಮನೆಯವರು, ಅವಳು ದೊಡ್ಡಪ್ಪ ಎಂದೇ ಕರೆಯುವವರು. ಮನೆಗೆ ಫೋನ್ ಮಾಡಿದರೆ ದೇವಿರಮ್ಮ, "ಅವರು ಆಗ್ಲೇ ಕಡಿಯೋರ್ ಕರ್ಕಂಡು ಗದ್ದೆ ತಾವ್ಕೆ ಓದ್ರು ಕಣವ್ವ, ಯೋಳ್ ಕಳ್ಸಾಣ ಅಂದ್ರೆ ನಿಮ್ಮಪ್ಪನೂ ಊರಲ್ಲಿಲ್ಲ" ಎಂದಳು.

ಪುನೀತ್ ಬೈಕಿನ ಕೀ ತೆಗೆದುಕೊಂಡ. "ಹತ್ತು ಬೈಕು. ಈ ಸಲ ಮುದ್ದೆ ನುಂಗ್ಬುಟ್ಟೇ ಇಳೀಬೇಕು ನೀನು."

ದಾರಿಯುದ್ದಕ್ಕೂ ಅವಳು ಹೊಲಗಳನ್ನೇ ನೋಡಿದಳು. ನಿಂತ ಕಬ್ಬು ಕಂಡರೆ ಉಸಿರು ಬರುತ್ತಿತ್ತು. ಹೊತ್ತು ಮುಳುಗುವ ವೇಳೆಗೆ ಕರಿಯಯ್ಯನವರ ತೋಟದ ಮನೆ ತಲುಪಿದರು. ಹಿಂದಿನ ಗದ್ದೆಯಿಂದ ಮಚ್ಚಿನ ಸದ್ದು ಬರುತ್ತಿತ್ತು. ಚಕ್, ಚಕ್. ಕರಿಯಯ್ಯ ತಟ್ಟೆಯ ಮುಂದೆ ಕುಳಿತು ಆಗಷ್ಟೇ ಮುದ್ದೆ ಮುರಿದಿದ್ದರು.

"ದೊಡ್ಡಪ್ಪಾ!"

ಅವಳ ಮುಖ ನೋಡಿದ್ದೇ ಕರಿಯಯ್ಯನವರ ಹೆಂಡತಿ ಪುಟ್ಟಮಾದಮ್ಮನಿಗೆ ಏನೋ ಕೆಟ್ಟದ್ದೆಂದು ತಿಳಿಯಿತು. ಅವಳು ಗಂಡನ ಬೆನ್ನ ಹಿಂದಿನಿಂದ ಕೈಯೆತ್ತಿ ತಡೆದಳು. "ಉಣ್ಲಿ ಬುಡವ್ವ. ಆಮೇಕೆ ಯೋಳೀಯಂತೆ."

ಅವ್ವನದೇ ಮಾತು. ಅರ್ಪಿತಳ ಬಾಯಿ ತಾನಾಗಿ ಮುಚ್ಚಿಕೊಂಡಿತು. ಗದ್ದೆಯಲ್ಲಿ ಮತ್ತೆ ಚಕ್ ಎಂದಿತು.

"ಇಲ್ಲ ದೊಡ್ಡವ್ವ, ಈಗ್ಲೇ ಯೋಳ್ಬೇಕು. ದೊಡ್ಡಪ್ಪಾ, ಕಬ್ಬು ಕಡೀಬ್ಯಾಡಿ. ನಾಳೀಕೆ ಲಾರಿ ಬರಲ್ಲ. ತಪ್ಪು ನಮ್ದು. ನಂಗೆ ಮಧ್ಯಾನ್ವೇ ಗೊತ್ತಿತ್ತು."

ಕರಿಯಯ್ಯ ತುತ್ತನ್ನು ತಟ್ಟೆಗೆ ಬಿಟ್ಟು, ಎಂಜಲು ಕೈಯಲ್ಲೇ ಗದ್ದೆಯತ್ತ ಓಡಿದರು. "ನಿಲ್ಸ್ರಲಾ! ಮಚ್ಚು ಕೆಳಗಾಕ್ರಲಾ!"

ಸದ್ದು ಒಂದೊಂದಾಗಿ ನಿಂತಿತು.

ಪುಟ್ಟಮಾದಮ್ಮ ಅರ್ಧ ಮುರಿದ ಮುದ್ದೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿದಳು. "ಉಣ್ಣೋವಾಗ್ಲೇ ಎಬ್ಬುಸ್ಬುಟ್ಯಲ್ಲವ್ವ," ಎಂದಳು. ಆಮೇಲೆ ಅವಳ ಬಾಡಿದ ಮುಖ ನೋಡಿ ದನಿ ತಗ್ಗಿಸಿದಳು. "ನೀನೇನಾರ ಉಂಡ್ಯಾ?"

"ಇಲ್ಲ ದೊಡ್ಡವ್ವ."

ಎಷ್ಟು ಸಾಲು ಬಿದ್ದಿದೆಯೋ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಆದರೂ ಚಪ್ಪಲಿ ಬಿಟ್ಟು, ದೊಡ್ಡಪ್ಪ ಹೋದ ಬದುವಿನ ಮೇಲೆ ನಡೆದಳು.