ಏಳನೇ ಮಂಚದ ಎಪ್ಪತ್ತಾರು

ದೆವ್ವದ ಕಥೆ ಕಟ್ಟಿ ಹೇಳುವವರು ಕೊನೆಗೆ ತಾವೇ ಧೈರ್ಯವಂತರು ಅನ್ನಿಸುವ ಹಾಗೆ ಕಟ್ಟುತ್ತಾರೆ. ನಾನು ಹೇಳಹೊರಟಿರುವುದರಲ್ಲಿ ನನಗೆ ಮಾನ ತರುವಂಥದ್ದು ಸಾಸಿವೆ ಕಾಳಿನಷ್ಟೂ ಇಲ್ಲ. ಇದು ನಿಜವಾಗಿ ನಡೆದದ್ದು ಅನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ನಮ್ಮೂರು ಚಿಕ್ಕೋಡಿ ಹತ್ತಿರದ ಕರೋಶಿ. ಅಪ್ಪ ಕುರಿ ಸಾಕಿದವನು. ಕುರಿಯ ಕಿವಿ ಮುಟ್ಟಿ ಜ್ವರ ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. "ಮನಷ್ಯಾರ ಜ್ವರಾ ನೋಡಾಕ ನಮ್ಮ ಶಾಂತಾ ನಾಕ ವರ್ಷ ಓದಬೇಕಂತ!" ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದ. ಆ ನಗೆಯಲ್ಲಿ ಹೆಮ್ಮೆಯೇ ಹೆಚ್ಚು.

ಅಪ್ಪನಿಗೆ ಗೊತ್ತಿಲ್ಲದ ಎಷ್ಟೋ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಶರೀರ ರಚನೆ, ಔಷಧ, ರೋಗಾಣು, ಮನಸ್ಸಿನ ಕಾಯಿಲೆ, ಹೆರಿಗೆ... ಆದರೆ ಎಲ್ಲಕ್ಕಿಂತ ಮೊದಲು ಹಾಸಿಗೆ ಹಾಸುವುದು, ಆಮೇಲೆ ನಾಡಿ ಹಿಡಿಯುವುದು. ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹೆಬ್ಬೆರಳು ಇಡಬಾರದು. ನಾಡಿ ಎಣಿಸಿದ ಮೇಲೂ ಕೈ ಬಿಡದೆ, ರೋಗಿಗೆ ತಿಳಿಯದ ಹಾಗೆ ಎದೆಯ ಏರಿಳಿತ ನೋಡಿ ಉಸಿರು ಎಣಿಸಬೇಕು. ಮತ್ತೊಂದು, ಕಣ್ಣಾರೆ ನೋಡದ್ದನ್ನು ಚಾರ್ಟಿನಲ್ಲಿ ಬರೆಯಬಾರದು. ಈ ಕೊನೆಯ ನಿಯಮದ ಮೇಲಿನ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವಳು ನಾನು.

ಆ ಚಳಿಗಾಲ ನಮ್ಮನ್ನು ಅಥಣಿ ಕಡೆಯ ಒಂದು ಆಸ್ಪತ್ರೆಗೆ ಹಾಕಿದ್ದರು. ಹೆಸರು ಬೇಡ. ಕಬ್ಬಿನ ಹಂಗಾಮು. ರಾತ್ರಿಯಿಡೀ ಕಬ್ಬಿನ ಗಾಡಿಗಳು ರಸ್ತೆಯಲ್ಲಿ ಕಿರುಗುಡುತ್ತ ಹೋಗುತ್ತಿದ್ದವು. ಫಿನೈಲಿನ ವಾಸನೆಯ ಮೇಲೆ ಕಾರ್ಖಾನೆಯ ಕಾಕಂಬಿ ವಾಸನೆ ಬಂದು ಕೂರುತ್ತಿತ್ತು.

ಹೆಂಗಸರ ವಾರ್ಡಿನಲ್ಲಿ ಹನ್ನೆರಡು ಮಂಚ. ರಾತ್ರಿ ಪಾಳಿಗೆ ನಾನೊಬ್ಬಳೇ. ಮೇಲ್ವಿಚಾರಣೆಯ ಕುಸುಮ ಸಿಸ್ಟರ್ ನಿಪ್ಪಾಣಿಯವರು, ಮೂರು ವಾರ್ಡು ನೋಡಿಕೊಳ್ಳುತ್ತಿದ್ದರು. "ಕಾಯ್ ಝಾಲಂ ತರಿ ಕರಿ, ಸಣ್ಣದಿರ್ಲಿ ದೊಡ್ಡದಿರ್ಲಿ," ಏನೇ ಆದರೂ ತನ್ನನ್ನು ಕರೆ ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿ ಹೋಗುತ್ತಿದ್ದರು.

ಏಳನೇ ಮಂಚದಲ್ಲಿ ಪದ್ಮವ್ವ ಇದ್ದಳು. ಶಿರಗುಪ್ಪಿಯ ಜೈನರ ಮನೆಯ ಮುದುಕಿ, ಎದೆನೋವಿಗೆ ಬಂದು ಸೇರಿದ್ದಳು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಹಲ್ಲುನೋವೆಂದು ಹಗಲೆಲ್ಲ ದವಡೆಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದಳು, ಮೈಯೆಲ್ಲ ಅದೇ ವಾಸನೆ. ನಾನು ನಾಡಿ ಹಿಡಿದು ಬಿಟ್ಟ ಕೂಡಲೇ ಒಂದೇ ಪ್ರಶ್ನೆ: "ಎಷ್ಟ ಬಂತ, ತಂಗಿ?" ಕಾರ್ಖಾನೆಯಲ್ಲಿ ಕಬ್ಬು ತೂಗಿಸಿದವರು ಎಷ್ಟು ಟನ್ನು ಬಂತು ಎಂದು ಕೇಳುತ್ತಾರಲ್ಲ, ಹಾಗೆ.

ಮಗಳು ಸುನಂದಾ ನಾಲ್ಕು ರಾತ್ರಿ ಮಂಚದ ಕೆಳಗೇ ಮಲಗಿದ್ದಳು. ಐದನೇ ಸಂಜೆ, ಮನೆಯಲ್ಲಿ ಸಣ್ಣ ಮಗಳಿಗೆ ಜ್ವರ ಎಂದು ಹೇಳಿಕಳಿಸಿದರು. ಅವಳು ಬಾಗಿಲಲ್ಲಿ ನಿಂತು ಅತ್ತ ನೋಡಿ, ಇತ್ತ ನೋಡಿ ಒದ್ದಾಡುತ್ತಿದ್ದಳು.

"ಹೋಗ್ರಿ ಅಕ್ಕಾರ, ನಾ ಇದ್ದೀನಲ್ಲ," ಅಂದೆ. "ರಾತ್ರಿ ಎರಡಕ್ಕ, ನಾಕಕ್ಕ ನೋಡೇ ನೋಡ್ತೀನಿ."

ಆ ಮಾತು ನಂಬಿ ಅವಳು ಕೊನೆಯ ಬಸ್ಸು ಹತ್ತಿದಳು. ಯಾರೂ ಕೇಳದಿದ್ದರೂ ನಾನಾಗಿ ಕೊಟ್ಟ ಮಾತು ಅದು.

ರಾತ್ರಿ ಹತ್ತಕ್ಕೆ ಪದ್ಮವ್ವನ ಕೈ ಹಿಡಿದೆ. ಒಂದು ನಿಮಿಷ ಎಣಿಸಲಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಸೀನಿಯರುಗಳು ಕಲಿಸಿದ ಜಾಣತನ. ಹತ್ತೊಂಬತ್ತು ಬಂತು. ನಾಲ್ಕರಿಂದ ಗುಣಿಸಿದರೆ ಎಪ್ಪತ್ತಾರು.

"ಎಷ್ಟ ಬಂತ, ತಂಗಿ?"

"ಎಪ್ಪತ್ತಾರ್ರಿ ಆಯಿ. ಚಲೋ ಐತಿ."

"ಎದ್ಯಾಗ ಒಂದ ನಮೂನಿ ಹೊಯ್ಕೊಂಡಂಗ ಆಗಾಕತ್ತೈತಿ..."

"ಚಳಿಗಿ ಹಂಗ ಆಗ್ತೈತ್ರಿ. ಮಲ್ಕೋರಿ."

ಅವಳು ನನ್ನ ಕೈ ಬಿಡಲಿಲ್ಲ. "ರಾತ್ರಿ ಮತ್ತ ಬರ್ತಿ ಹೌದಲ್ಲ? ನಾ ಎಚ್ಚರ ಇರ್ತೀನಿ."

"ಬರ್ತೀನ್ರಿ," ಅಂದೆ.

ಸಿಸ್ಟರನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಎಪ್ಪತ್ತಾರು ಬಂದವರ ಬಗ್ಗೆ ಏನೆಂದು ಕರೆಯುವುದು? ಮೇಜಿಗೆ ಬಂದು ಕೂತು ಹನ್ನೆರಡೂ ಚಾರ್ಟು ಎಳೆದುಕೊಂಡೆ. ರಾತ್ರಿ ಎರಡರ ಮನೆ, ನಾಲ್ಕರ ಮನೆ, ಎರಡನ್ನೂ ಆಗಲೇ ತುಂಬಿಬಿಟ್ಟೆ. ಅನುಮಾನ ಬರಬಾರದೆಂದು ಒಬ್ಬರಿಗೆ ಎರಡು ಹೆಚ್ಚು, ಒಬ್ಬರಿಗೆ ಎರಡು ಕಡಿಮೆ. ಏಳನೇ ಮಂಚಕ್ಕೆ ಬರುವ ಹೊತ್ತಿಗೆ ಅಷ್ಟು ಬುದ್ಧಿ ಖರ್ಚು ಮಾಡಲೂ ಬೇಸರವಾಗಿ ಎರಡೂ ಕಡೆ ಎಪ್ಪತ್ತಾರೇ ಬರೆದೆ. ಸಹಿ ಮಾಡಿದೆ. ಶಾಲು ಹೊದ್ದು ಮೇಜಿನ ಮೇಲೆ ತಲೆಯಿಟ್ಟೆ.

ಎಷ್ಟು ಹೊತ್ತಾಗಿತ್ತೋ...

ಯಾರೋ ನನ್ನ ಮಣಿಕಟ್ಟು ಹಿಡಿದಿದ್ದರು.

ತಣ್ಣಗಿನ ಬೆರಳುಗಳು. ಒತ್ತುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ. ಮೂರೇ ಬೆರಳು, ಒಂದರ ಪಕ್ಕ ಒಂದು, ನಮಗೆ ಕಲಿಸಿದ ಜಾಗದಲ್ಲೇ... ಎಣಿಸುತ್ತಿದ್ದರು. ಹತ್ತಿರದಲ್ಲೇ ಲವಂಗದ ವಾಸನೆ.

ಕಣ್ಣು ಬಿಟ್ಟೆ. ಯಾರೂ ಇಲ್ಲ. ಕರೆಂಟು ಹೋಗಿತ್ತು. ಮೇಜಿನ ಮೇಲೆ ಯಾರೋ ಹಚ್ಚಿಟ್ಟು ಹೋಗಿದ್ದ ಕಂದೀಲು. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು.

ಗುಂಡಿಗೆ ಬಾಯಿಗೆ ಬಂದಿತ್ತು. ಕಂದೀಲು ಹಿಡಿದು ಮಂಚಗಳ ನಡುವೆ ಹೋದೆ. ಹನ್ನೊಂದು ಜನರ ಗೊರಕೆ, ನರಳಿಕೆ, ಕೆಮ್ಮು. ಏಳನೇ ಮಂಚದಲ್ಲಿ ಮಾತ್ರ ಸದ್ದಿಲ್ಲ. ಪದ್ಮವ್ವ ಗೋಡೆಗೆ ಮುಖ ಮಾಡಿ, ಕಿವಿತನಕ ರಗ್ಗು ಹೊದ್ದು ಮಲಗಿದ್ದಳು. ಒಂದು ಕೈ ಮಾತ್ರ ಹಿಂದಕ್ಕೆ ಚಾಚಿ ಹೊರಗಿತ್ತು, ಯಾರಾದರೂ ಬಂದು ಹಿಡಿಯಲಿ ಅನ್ನುವ ಹಾಗೆ.

ಎಡಗೈಯಲ್ಲಿ ಕಂದೀಲು. ಬಲಗೈಯಿಂದ ಅವಳ ಮಣಿಕಟ್ಟು ಹಿಡಿದೆ. ತಣ್ಣಗಿತ್ತು. ಚಳಿ ಅಂದುಕೊಂಡೆ. ನಾಡಿ ಸಿಕ್ಕಿತು... ಟಕ್, ಟಕ್, ಟಕ್. ಅವಸರವಿಲ್ಲದೆ, ಒಂದೂ ತಪ್ಪದೆ. ಕೈಗಡಿಯಾರ ನೋಡಿ ಹದಿನೈದು ಸೆಕೆಂಡು ಎಣಿಸಿದೆ.

ಹತ್ತೊಂಬತ್ತು.

ನಾನು ಬರೆದಿಟ್ಟದ್ದೇ ಬಂದಿತ್ತು! ಎಂಥ ಹಗುರವಾಯಿತು ಅಂದರೆ, ಸುಳ್ಳು ನಿಜವಾಯಿತಲ್ಲ ಎಂದು ಕತ್ತಲಲ್ಲಿ ಒಬ್ಬಳೇ ನಕ್ಕೆ. ಉಸಿರು ಎಣಿಸಲಿಲ್ಲ. ಮುಖ ನೋಡಲಿಲ್ಲ. ಕೈಯನ್ನು ರಗ್ಗಿನೊಳಗೆ ಸೇರಿಸಿ ನೆಟ್ಟಗಾದೆ.

"ಎಷ್ಟ ಬಂತ, ತಂಗಿ?"

"ಎಪ್ಪತ್ತಾರ್ರಿ ಆಯಿ, ಮಲ್ಕೋರಿ," ಅಂದುಬಿಟ್ಟೆ.

ಅಂದ ಮೇಲೆ ಗಮನಕ್ಕೆ ಬಂತು. ದನಿ ಮಂಚದಿಂದ ಬಂದಿರಲಿಲ್ಲ. ನನ್ನ ಬೆನ್ನ ಹಿಂದೆ, ಬಾಗಿಲ ಹತ್ತಿರದ ಮೇಜಿನ ಕಡೆಯಿಂದ ಬಂದಿತ್ತು. ಚಾರ್ಟುಗಳಿದ್ದ ಕಡೆಯಿಂದ.

ತಿರುಗಿದೆ. ಖಾಲಿ ಕುರ್ಚಿ. ಹೊರಗೆ ಒಂದು ಕಬ್ಬಿನ ಗಾಡಿ ಕಿರುಗುಡುತ್ತ ದೂರವಾಯಿತು.

ನಿದ್ದೆಗಣ್ಣು ಎಂದು ನನಗೆ ನಾನೇ ಬೈದುಕೊಂಡು ಕೂತೆ. ನಾಲ್ಕಕ್ಕೆ ಏಳಲಿಲ್ಲ. ಎರಡಕ್ಕೆ ನೋಡಿದ್ದೇನಲ್ಲ, ಸಾಕು ಅನ್ನಿಸಿತ್ತು.

ಐದೂವರೆಗೆ ಕುಸುಮ ಸಿಸ್ಟರ್ ಭುಜ ಹಿಡಿದು ಅಲುಗಾಡಿಸಿದರು. "ಏಳ, ಏಳನೇ ಮಂಚ..." ಅಷ್ಟೇ ಅಂದರು.

ಡಾಕ್ಟರು ಬಂದು ಪದ್ಮವ್ವನ ದವಡೆ ಮುಟ್ಟಿದರು, ಕುತ್ತಿಗೆ ಮುಟ್ಟಿದರು, ತೋಳು ಮಡಿಚಲು ನೋಡಿದರು. ಮಡಿಚಲಾಗಲಿಲ್ಲ.

"ಹೋಗಿ ಐದಾರ ತಾಸಾತು," ಅಂದರು. "ಹನ್ನೆರಡರ ಸುಮಾರಿಗೇ ಹೋಗ್ಯಾರ."

ಆಮೇಲೆ ಚಾರ್ಟು ನೋಡಿದರು. ಎರಡಕ್ಕೆ ಎಪ್ಪತ್ತಾರು, ನಾಲ್ಕಕ್ಕೆ ಎಪ್ಪತ್ತಾರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಚಳಿ ಭಾಳ ಐತಿ, ಲಗೂನ ಸೆಟದಿರಬೇಕು," ಎಂದು ಗೊಣಗಿ, ಬೆಳಗಿನ ಜಾವ ಎಂದು ಬರೆದು ಹೋದರು. ನನ್ನ ಸುಳ್ಳು ಅವರ ಓದಿಗಿಂತ ದೊಡ್ಡದಾಯಿತು.

ಸಿಸ್ಟರ್ ಮಾತ್ರ ನನ್ನನ್ನು ಔಷಧದ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

"ಖರೇ ಹೇಳು. ನಾಡಿ ಹಿಡದಿದ್ದಿ?"

"ಹಿಡದಿದ್ದೆ ಸಿಸ್ಟರ್. ಬಡ್ಕೋತಿತ್ತು. ದೇವರಾಣಿ."

"ಹೆಂಗ ಹಿಡದಿ, ತೋರ್ಸು."

ಅವರ ಕೈ ಹಿಡಿದು ತೋರಿಸಿದೆ. ನನ್ನ ಬೆರಳುಗಳು ಅವರ ಮಣಿಕಟ್ಟಿನ ಕೆಳಗಿದ್ದವು. ನಾಡಿಯ ಮೇಲೆ ಇದ್ದದ್ದು ಹೆಬ್ಬೆರಳು.

ಸಿಸ್ಟರ್ ಕಣ್ಣು ಮುಚ್ಚಿದರು. "ಅದು ನಿಂದ ನಾಡಿ, ಹುಚ್ಚಿ. ಹೆಬ್ಬೆಟ್ಟಿಗೆ ತನ್ನದ ನಾಡಿ ಇರ್ತೈತಿ ಅಂತ ಕಲ್ಸಿಲ್ಲೇನು? ಹೆಣದ ಕೈ ಹಿಡಕೊಂಡು ನಿನ್ನ ಜೀವಾನ ನೀ ಎಣಸೀದಿ." ಆಮೇಲೆ ದನಿ ತಗ್ಗಿಸಿ, "ಕಲಿಯೂ ಹುಡುಗಿ, ತಪ್ಪಾಗ್ತೈತಿ. ಯಾರ ಮುಂದೂ ಆಡಬ್ಯಾಡ," ಅಂದರು.

ನಾನು ತಲೆತಗ್ಗಿಸಿ ಅತ್ತೆ. ಅವರು ಅದನ್ನು ಪಶ್ಚಾತ್ತಾಪ ಅಂದುಕೊಂಡರು. ತಿಳಿಯದೆ ಮಾಡಿದ ತಪ್ಪು ಸಿಕ್ಕಿಬಿದ್ದು, ತಿಳಿದೇ ಮಾಡಿದ್ದು ಅದರ ಸೆರಗಿನಲ್ಲಿ ಮುಚ್ಚಿಹೋಗಿತ್ತು. ಹತ್ತು ಗಂಟೆಗೇ ಎಲ್ಲ ಬರೆದಿಟ್ಟಿದ್ದೆ, ನಾಲ್ಕಕ್ಕೆ ಎದ್ದೇ ಇರಲಿಲ್ಲ ಎಂದು ಹೇಳಲಿಲ್ಲ. ಅತ್ತದ್ದು ಸಿಕ್ಕಿಬೀಳಲಿಲ್ಲ ಎಂಬ ನೆಮ್ಮದಿಗೆ.

ಇನ್ನೊಂದು ಮಾತೂ ಹೇಳಲಿಲ್ಲ. ಆ ರಾತ್ರಿ ನಾನು ಹೆದರಿ ನಡುಗುತ್ತಿದ್ದೆ. ನನ್ನ ನಾಡಿ ನೂರಿಪ್ಪತ್ತರ ಮೇಲೆ ಓಡುತ್ತಿರಬೇಕು. ಹದಿನೈದು ಸೆಕೆಂಡಿಗೆ ಮೂವತ್ತು ಬರಬೇಕಿತ್ತು... ಹತ್ತೊಂಬತ್ತು ಯಾರದು?

ಮೊದಲ ಬಸ್ಸಿಗೆ ಸುನಂದಾ ಬಂದಳು. ಅತ್ತು ಅತ್ತು ಸುಸ್ತಾದ ಮೇಲೆ ನನ್ನ ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದಳು: "ನಾಕಕ್ಕ ಹೋದಾಗ ಅವ್ವ ಏನಾರ ಅಂದಳೇನ್ರಿ?"

ಆಗಲಾದರೂ ಬಾಯಿ ಬಿಡಬಹುದಿತ್ತು.

"ಕೈ ಹಿಡಕೊಂಡು ಕುಂತಿದ್ದೆ ಅಕ್ಕಾರ," ಅಂದೆ. "ಆರಾಮ ಇದ್ರು. ನಿಮ್ಮ ಹೆಸರ ತಗೊಂಡ್ರು."

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ನಾನೂ ಬಿಡಲಿಲ್ಲ.

ಪದವಿ ಮುಗಿಯಿತು, ಕೆಲಸ ಸಿಕ್ಕಿತು. ಏಳೆಂಟು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಮಿರಜ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ, "ಶಾಂತಾ ಸಿಸ್ಟರ್ ಅಲ್ರಿ?" ಅಂದರು. ಸುನಂದಾ. ಜೊತೆಗೆ ಎರಡು ಜಡೆಯ ಮಗಳು. ಅವತ್ತು ಜ್ವರ ಬಂದಿದ್ದ ಹುಡುಗಿ.

"ನೋಡವಾ, ಆಯಿ ಜೀವಾ ಬಿಡೂ ಮುಂದ ಕೈ ಹಿಡಕೊಂಡಿದ್ರಲ್ಲ, ಇವರ," ಎಂದು ಮಗಳಿಗೆ ತೋರಿಸಿದಳು. ನನ್ನ ಕಡೆ ತಿರುಗಿ, "ಇಕಿನ್ನೂ ನರ್ಸಿಂಗಿಗೆ ಹಾಕ್ತೀನ್ರಿ. ನಿಮ್ಮಂಗ ಆಗ್ಲಿ ಅಂತ ದಿನಾ ಹೇಳ್ತಿರ್ತೀನಿ," ಅಂದಳು.

ಹುಡುಗಿ ನಾಚುತ್ತ ಕೈ ಮುಂದೆ ಚಾಚಿದಳು. "ನಾಡಿ ಹೆಂಗ ನೋಡ್ತಾರ್ರಿ? ನಂದ ನೋಡ್ರಿ."

ಮೂರು ಬೆರಳಿಟ್ಟೆ. ಗಡಿಯಾರ ನೋಡಿದೆ. ಈ ಸಲ ಪೂರ್ತಿ ನಿಮಿಷ ಎಣಿಸಬೇಕು, ಎಣಿಸಿ ಮುಗಿಸಿ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೆ. ಒಂದು, ಎರಡು, ಮೂರು...

ಲವಂಗದ ವಾಸನೆ ಬಂತು.

"ಎಷ್ಟ ಬಂತ, ತಂಗಿ?"

ತಾಯಿ ಮಗಳು ಇಬ್ಬರ ತುಟಿಗಳೂ ಮುಚ್ಚಿದ್ದವು.

"ಎಪ್ಪತ್ತಾರು," ಅಂದೆ. ಕೈ ಬಿಟ್ಟೆ.

"ಎಪ್ಪತ್ತಾರಂತಬೇ!" ಎಂದು ಹುಡುಗಿ ಅವ್ವನಿಗೆ ಹೇಳಿ ನಕ್ಕಳು. ಸುನಂದಾಳೂ ನಕ್ಕಳು. ನಾನು ಐದರ ಆಚೆ ಎಣಿಸಿರಲೇ ಇಲ್ಲ.

ಬಂದ ಬಸ್ಸು ಹತ್ತಿಬಿಟ್ಟೆ. ಅದು ಮಿರಜದ್ದೋ ಅಲ್ಲವೋ ಎಂದೂ ನೋಡಲಿಲ್ಲ. ಈಗಲೂ ಕೆಲವು ರಾತ್ರಿ ಎರಡೂ ಹತ್ತಕ್ಕೆ ಎಚ್ಚರವಾಗುತ್ತದೆ. ಮಣಿಕಟ್ಟಿನ ಮೇಲೆ ಮೂರು ಬೆರಳು ಇರುತ್ತವೆ. ಕಣ್ಣು ತೆರೆಯದೆ ಮಲಗಿರುತ್ತೇನೆ. ಅವಳು ಪೂರ್ತಿ ಒಂದು ನಿಮಿಷ ಎಣಿಸಿ ಕೈ ಬಿಡುತ್ತಾಳೆ. ಎಷ್ಟು ಬಂತು ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.